ಜೇಬಿನಲ್ಲಿ ಇನ್ನಾರು ಗುಂಡು ಬೇಕೆ?

ಹಾನಗಲ್ಲಿನಲ್ಲಿ ನನ್ನದು ದಲಾಲಿ ಅಂಗಡಿ. ಹಂಗಾಮು ಬಂತೆಂದರೆ ಹಿರೇಕೆರೂರು, ಸವಣೂರು, ಶಿಗ್ಗಾಂವಿ ಕಡೆಯ ಹಳ್ಳಿಗಳಿಂದ ಗೋವಿನಜೋಳ, ಹತ್ತಿ, ಒಣಮೆಣಸಿನಕಾಯಿ ಎತ್ತುತ್ತೇವೆ. ಮಾಲು ಎತ್ತಿದ ಮೇಲೆ ಪಾವತಿ ಮಾಡಬೇಕು. ಒಂದು ಕಾಲಕ್ಕೆ ಪಾವತಿ ಎಂದರೆ ನಗದಿನ ಚೀಲವೇ. ಆ ಚೀಲದ ಕಾರಣಕ್ಕೆ ಪಾಯಿಂಟ್ 32 ರಿವಾಲ್ವರಿಗೆ ಲೈಸೆನ್ಸ್ ಪಡೆದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ, ಆರು ಗುಂಡು ಹಿಡಿಯುವ ರಿವಾಲ್ವರ್ ಅದು.

ಹೊಸದಾಗಿ ಲೈಸೆನ್ಸ್ ಪಡೆದ ವ್ಯಾಪಾರಿಗಳು ಅಂಗಡಿಗೆ ಬಂದರೆ ಚಹಾ ಮುಗಿಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. ಒಳಗಿರುವ ಆರು ಸಾಕೆ, ಜೇಬಿನಲ್ಲಿ ಇನ್ನಾರು ಇರಬೇಕೆ? ಬಹುಪಾಲು ದಿನ ಬೇಡ ಎನ್ನುವುದು ನನ್ನ ಉತ್ತರ. ಯಾಕೆ ಬೇಡ, ಯಾವತ್ತು ಬೇಕಾಗಬಹುದು ಎಂಬುದನ್ನು ಕೆಳಗೆ ಒಂದೊಂದಾಗಿ ಬರೆದಿದ್ದೇನೆ.

1. ಮೊದಲು ಲೈಸೆನ್ಸ್ ಪುಸ್ತಕ ಓದಿ

ಆಯುಧದ ಹೆಸರು, ನಂಬರು, ಮುಕ್ತಾಯದ ದಿನಾಂಕ ಇಷ್ಟನ್ನು ಎಲ್ಲರೂ ನೋಡುತ್ತಾರೆ. ಗುಂಡಿನ ಕಲಮಿನಲ್ಲಿರುವ ಎರಡು ಅಂಕಿಗಳನ್ನು ನೋಡುವವರು ಕಡಿಮೆ. ಒಂದು, ಯಾವುದೇ ಹೊತ್ತಿನಲ್ಲಿ ನಿಮ್ಮ ಬಳಿ ಇರಬಹುದಾದ ಗುಂಡುಗಳ ಮಿತಿ. ಇನ್ನೊಂದು, ವರ್ಷಕ್ಕೆ ಕೊಳ್ಳಬಹುದಾದ ಮಿತಿ. ಮನೆಯ ಪೆಟ್ಟಿಗೆಯಲ್ಲಿರುವುದು, ಸಿಲಿಂಡರಿನಲ್ಲಿರುವುದು, ಜೇಬಿನಲ್ಲಿರುವುದು ಎಲ್ಲವೂ ಸೇರಿ ಮೊದಲ ಅಂಕಿಯೊಳಗೇ ಇರಬೇಕು. ಕೊಂಡಾಗಲೆಲ್ಲ ಅಂಗಡಿಯವರು ಪುಸ್ತಕದಲ್ಲಿ ನಮೂದಿಸುತ್ತಾರೆ. ಹಾಗಾಗಿ ನಿಮ್ಮ ಗುಂಡಿನ ಲೆಕ್ಕ ನಿಮಗಿಂತ ಮೊದಲು ಸರ್ಕಾರಕ್ಕೆ ಗೊತ್ತಿರುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೂ ಗುಂಡಿಗೂ ಒಂದೇ ನಿಯಮ ಇಟ್ಟಿದೆ. ಲೈಸೆನ್ಸ್ ಇಲ್ಲದೆ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸಿನ ಷರತ್ತು ಮೀರಿದರೆ 30ನೆಯ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದಂಡ ಸಣ್ಣದು, ಆದರೆ ಅದರ ಹಿಂದೆಯೇ ಲೈಸೆನ್ಸ್ ರದ್ದಿನ ನೋಟಿಸು ಬರುತ್ತದೆ. ಪುಸ್ತಕ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನೂ ನೋಡಿ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ಮುಂಡಗೋಡ, ಯಲ್ಲಾಪುರ ದಾಟಿ ಗೋವಾಕ್ಕೆ ಹೋಗುವ ದಿನ ರಿವಾಲ್ವರೂ ಗುಂಡೂ ಮನೆಯಲ್ಲೇ ಇರಬೇಕು.

2. ಮುಚ್ಚಿ ಒಯ್ಯುವುದೇ ನಿಯಮ

ಸಿನಿಮಾ ನೋಡಿದವರಿಗೆ ಸೊಂಟದ ಮೇಲೆ ಪಟ್ಟಿ ಕಾಣಬೇಕು, ಪಟ್ಟಿಯ ತುಂಬ ಹಿತ್ತಾಳೆ ಹೊಳೆಯಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದು ಇದರ ವಿರುದ್ಧ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಹೋಲ್ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಕಾರಿನ ಸೀಟಿನ ಮೇಲೆ ಬಿಟ್ಟು ಚಹಾದಂಗಡಿಗೆ ಹೋಗುವುದು ಹತೋಟಿಯಲ್ಲ.

ಜೇಬಿನ ಗುಂಡಿಗೂ ನಾನು ಇದೇ ಅಳತೆ ಹಿಡಿಯುತ್ತೇನೆ. ಬಿಲ್ಲು ತೆಗೆಯುವಾಗ, ಪೆನ್ನು ತೆಗೆಯುವಾಗ, ಹಮಾಲರಿಗೆ ಚಿಲ್ಲರೆ ಕೊಡುವಾಗ ಗುಂಡು ಕಣ್ಣಿಗೆ ಬೀಳಬಾರದು. ಒಮ್ಮೆ ಕಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಈ ಸಾಹುಕಾರರ ಬಳಿ ಇವತ್ತು ದೊಡ್ಡ ಮೊತ್ತ ಇದೆ ಎಂಬ ಸುದ್ದಿ ಅದರ ಜೊತೆಗೇ ಹೋಗುತ್ತದೆ.

3. ಗುಂಡು ಎಣಿಸುವ ಮೊದಲು ನೋಟು ಎಣಿಸಿ

2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ಗೋವಿನಜೋಳದ ಹಂಗಾಮು ನಡೆದಿತ್ತು. ಆ ವರ್ಷದ ಪರದಾಟದಿಂದ ನಮ್ಮ ಭಾಗದ ವ್ಯಾಪಾರಿಗಳು ಬ್ಯಾಂಕಿನ ದಾರಿ ಹಿಡಿದರು. 2017ರ ಏಪ್ರಿಲಿನಿಂದ ಒಬ್ಬರಿಂದ ಒಂದು ದಿನಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ತೆರಿಗೆ ನಿಯಮವೂ ಬಂತು. ಈಗ ದೊಡ್ಡ ಪಾವತಿ ರೈತರ ಖಾತೆಗೆ ನೇರ ಹೋಗುತ್ತದೆ, ಸಣ್ಣದು ಫೋನಿನಲ್ಲಿ ಮುಗಿಯುತ್ತದೆ. ಚೀಲದಲ್ಲಿ ಉಳಿದಿರುವುದು ಹಮಾಲಿ, ಲಾರಿ ಬಾಡಿಗೆಯ ಮುಂಗಡ, ಖಾತೆಗೆ ಹಾಕಿದರೆ ಸಾಲಕ್ಕೆ ಜಮೆಯಾದೀತು ಎಂದು ಹೆದರುವ ಒಬ್ಬಿಬ್ಬರ ಬಾಕಿ, ಇಷ್ಟೇ.

ಹೆಚ್ಚುವರಿ ಗುಂಡು ಕೇಳುವವರಿಗೆ ನಾನು ಮರುಪ್ರಶ್ನೆ ಕೇಳುವುದು ಇಲ್ಲಿ. ಯಾವ ಮೊತ್ತಕ್ಕಾಗಿ ಇದು? ಆ ಮೊತ್ತವನ್ನು ಎರಡು ದಿನಕ್ಕೆ ಹಂಚಬಹುದೆ? ಕತ್ತಲಾಗುವ ಮೊದಲು ಮುಗಿಸಬಹುದೆ? ಶಿಗ್ಗಾಂವಿಯಿಂದ ಬಂಕಾಪುರದ ಮೇಲೆ ರಾಷ್ಟ್ರೀಯ ಹೆದ್ದಾರಿ 48 ಇರುವಾಗ ಒಳದಾರಿ ಯಾಕೆ? ಜೊತೆಗೆ ಚಾಲಕನಿದ್ದಾನೆಯೇ, ವಾರವಾರವೂ ಅದೇ ಹೊತ್ತಿಗೆ ಹೊರಡುತ್ತೀರಾ? ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಆರು ಗುಂಡೂ ಹೆಚ್ಚೆನಿಸುತ್ತದೆ.

4. ಎರಡನೆಯ ಸುತ್ತಿಗೆ ಹೊತ್ತು ಸಿಗುವುದಿಲ್ಲ

2025ರ ಜನವರಿ 16ರಂದು ಬೀದರಿನಲ್ಲಿ ಬ್ಯಾಂಕಿನ ಎದುರೇ, ಹಾಡಹಗಲಲ್ಲಿ, ಎಟಿಎಂಗೆ ಹಣ ತುಂಬಲು ಬಂದಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿತು. ಬೈಕಿನಲ್ಲಿ ಬಂದವರು ಹಣದ ಪೆಟ್ಟಿಗೆ ಎತ್ತಿಕೊಂಡು ಹೋದರು, ಒಬ್ಬರು ಸ್ಥಳದಲ್ಲೇ ಸತ್ತರು. ಅದೇ ವರ್ಷದ ನವೆಂಬರ್ 19ರಂದು ಬೆಂಗಳೂರಿನಲ್ಲಿ ಅಧಿಕಾರಿಗಳ ಸೋಗಿನಲ್ಲಿ ಬಂದವರು ಹಣದ ವ್ಯಾನನ್ನೇ ತಡೆದು 7.11 ಕೋಟಿ ರೂಪಾಯಿ ದೋಚಿದರು. ಮೊದಲನೆಯದರಲ್ಲಿ ಎದುರಾಳಿ ಕಣ್ಣಿಗೆ ಬೀಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಎರಡನೆಯದರಲ್ಲಿ ನಂಬಿಕೆ ಹುಟ್ಟಿಸಿಯೇ ವಂಚಿಸಿದರು. ಎರಡರಲ್ಲೂ ಜೇಬಿನಿಂದ ಇನ್ನಾರು ಗುಂಡು ತೆಗೆದು ತುಂಬುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ರಿವಾಲ್ವರಿಗೆ ಮತ್ತೆ ಗುಂಡು ತುಂಬುವುದನ್ನು ಮೇಜಿನ ಮೇಲೆ ಮಾಡಿ ನೋಡಿ. ರಿವಾಲ್ವರ್ ತೆರೆಯಬೇಕು, ಖಾಲಿ ಕೋಶ ಉದುರಿಸಬೇಕು, ಅಂಟಿಕೊಂಡದ್ದನ್ನು ಉಗುರಿನಿಂದ ಎಳೆಯಬೇಕು, ಒಂದೊಂದೇ ತೂತಿಗೆ ಒಂದೊಂದೇ ಗುಂಡು ಇಳಿಸಬೇಕು. ಫ್ಯಾನಿನ ಕೆಳಗೆ ಕೂತು, ಹೆದರಿಕೆಯಿಲ್ಲದೆ ಮಾಡಿದರೂ ಬೆರಳು ತಡವರಿಸುತ್ತದೆ. ಕತ್ತಲಲ್ಲಿ, ಎದೆ ಹೊಡೆದುಕೊಳ್ಳುವಾಗ ಆರರಲ್ಲಿ ಎರಡು ನೆಲಕ್ಕೆ ಬೀಳುತ್ತವೆ. ಅಭ್ಯಾಸವಿದ್ದರೆ ಬೇರೆ ಮಾತು. ಆದರೆ ಹೊಲದ ಬದುವಿನ ಮೇಲೆ ನಿಂತು ಗುಂಡು ಹಾರಿಸಿ ಅಭ್ಯಾಸ ಮಾಡಲು ಸ್ವರಕ್ಷಣೆಯ ಲೈಸೆನ್ಸು ಅವಕಾಶ ಕೊಡುವುದಿಲ್ಲ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿದಾಗ ಹೋಗಿ ಕಲಿಯಬೇಕು. ಅಲ್ಲಿ ಮೊದಲು ಕಲಿಯುವುದು ಬೆರಳನ್ನು ಕುದುರೆಯಿಂದ ದೂರ ಇಡುವುದನ್ನು.

5. ಹೆಚ್ಚುವರಿಗೆ ನಿಜವಾದ ಕಾರಣ ಸಿಡಿಯದ ಗುಂಡು

ಬೇಕು ಎನ್ನುವವರ ಪಕ್ಷದಲ್ಲಿ ಒಂದು ಗಟ್ಟಿ ವಾದವಿದೆ. ಗುಂಡು ಕೈಕೊಡುತ್ತದೆ. ರಿವಾಲ್ವರಿನಲ್ಲಿ ಒಂದು ಸಿಡಿಯದಿದ್ದರೆ ಕುದುರೆಯನ್ನು ಮತ್ತೆ ಒತ್ತಿದರಾಯಿತು, ಮುಂದಿನದು ತಾನೇ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ. ಸಿಡಿಯದ ಗುಂಡನ್ನು ಕೈಯಿಂದಲೇ ಹೊರಹಾಕಬೇಕು. ಮ್ಯಾಗಜಿನ್ನಿನ ತುಟಿ ಬಾಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಇಡೀ ಪಿಸ್ತೂಲೇ ನಿಲ್ಲುತ್ತದೆ. ಹಾಗಾಗಿ ಪಿಸ್ತೂಲಿನವರು ಒಂದು ಹೆಚ್ಚುವರಿ ಮ್ಯಾಗಜಿನ್ ಇಟ್ಟುಕೊಂಡರೆ ಅದರಲ್ಲಿ ಅರ್ಥವಿದೆ. ಅದು ಹೆಚ್ಚು ಗುಂಡಿಗಾಗಿ ಅಲ್ಲ, ಕೆಟ್ಟ ಮ್ಯಾಗಜಿನ್ನಿಗೆ ಬದಲಿಯಾಗಿ. ರಿವಾಲ್ವರಿನವರಿಗೆ ಈ ಕಾರಣ ಅಷ್ಟಾಗಿ ಒದಗುವುದಿಲ್ಲ.

ಇಬ್ಬರಿಗೂ ಒದಗುವುದು ಒಳಗಿನ ಆರನ್ನು ಸುಸ್ಥಿತಿಯಲ್ಲಿಡುವ ಕೆಲಸ. ಗುಂಡನ್ನು ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡರೆ ಅದು ಚರ್ಮದ ಪಟ್ಟಿಯಲ್ಲಿ ಬಹಳ ದಿನ ಕೂತ ಗುಂಡು. ಚರ್ಮ ಹದ ಮಾಡಿದ ರಸಾಯನ ಹಿತ್ತಾಳೆಯನ್ನು ತಿನ್ನುತ್ತದೆ, ಕಿಲುಬು ಕಟ್ಟಿದ ಗುಂಡು ಸಿಲಿಂಡರಿನೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂಬದಿಯ ನಡುವಿನ ಪುಟ್ಟ ಬಿಲ್ಲೆಯ ಸುತ್ತ ಎಣ್ಣೆಯ ಜಿಡ್ಡು ಇದ್ದರೆ ಅದು ಒಳಗಿಳಿದು ಕಿಡಿಯನ್ನೇ ಕೊಂದಿರಬಹುದು. ರಿವಾಲ್ವರಿಗೆ ಎಣ್ಣೆ ಹಾಕಿದವರು ಸಿಲಿಂಡರನ್ನು ಒಣ ಬಟ್ಟೆಯಿಂದ ಒರೆಸಿಯೇ ಗುಂಡು ತುಂಬಬೇಕು. ಹಾನಗಲ್ಲು ಮಲೆನಾಡಿನ ಸೆರಗಿನ ಊರು. ಜುಲೈ, ಆಗಸ್ಟಿನಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಮೈಮೇಲೆ ಒಯ್ಯುವ ಆರನ್ನು ಮಳೆಗಾಲ ಕಳೆದ ಮೇಲೆ ಬದಲಿಸಿ, ಹಳೆಯವನ್ನು ಬೇರೆ ಡಬ್ಬಿಯಲ್ಲಿ ಚೀಟಿ ಹಚ್ಚಿ ಇಡುತ್ತೇನೆ. ಜೇಬಿನಲ್ಲಿ ಹಳೆಯ ಹನ್ನೆರಡು ಇರುವುದಕ್ಕಿಂತ ಒಳಗೆ ಹೊಸ ಆರು ಇರುವುದು ಮೇಲು.

ಇನ್ನೊಂದು ಎಚ್ಚರಿಕೆ. ಪಾಯಿಂಟ್ 32 ಎಂದು ಬರೆದದ್ದೆಲ್ಲ ಒಂದೇ ಅಲ್ಲ. ರಿವಾಲ್ವರಿನದು ಉದ್ದ, ಅಂಚಿರುವ ಕೋಶ, ಸೀಸದ ತಲೆ. ಪಿಸ್ತೂಲಿನದು ಗಿಡ್ಡ, ಅದರ ತಲೆಗೆ ಲೋಹದ ಹೊದಿಕೆ ಇರುತ್ತದೆ. ಗೆಳೆಯನ ಬಳಿ ಕೇಳಿ ತಂದರೆ ಬರುವುದು ಕೂಡದ ಗುಂಡು, ಮೇಲೆ ಕಾಯ್ದೆಯ ಉಲ್ಲಂಘನೆ. ಗುಂಡಿನ ಕೈಸಾಲ ಕೊಡುವುದೂ ತಪ್ಪು, ತರುವುದೂ ತಪ್ಪು.

6. ಗುಂಡಿಗೆ ನಿಗದಿತ ಜಾಗ ಇರಲಿ

ಹೆಚ್ಚುವರಿ ಗುಂಡಿನಿಂದ ಕಷ್ಟಕ್ಕೆ ಸಿಕ್ಕವರನ್ನು ವಿಚಾರಿಸಿ ನೋಡಿದರೆ ಅವರು ಸಿಕ್ಕಿಬಿದ್ದದ್ದು ಕಳ್ಳರ ಎದುರಲ್ಲ, ಸ್ಕ್ಯಾನರಿನ ಎದುರು. ಚಳಿಗಾಲದ ಕೋಟಿನ ಒಳಜೇಬಿನಲ್ಲಿ ಒಂದು, ಲ್ಯಾಪ್‌ಟಾಪ್ ಚೀಲದ ಮೂಲೆಯಲ್ಲಿ ಒಂದು, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎರಡು ಹೀಗೆ ಗುಂಡು ಹರಡಿಕೊಂಡು ಮರೆತುಹೋಗುತ್ತದೆ. ಆಮೇಲೆ ಒಂದು ದಿನ ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲೋ ಬೆಂಗಳೂರಿನ ಮೆಟ್ರೊ ಬಾಗಿಲಲ್ಲೋ ಅದೇ ಚೀಲ ಯಂತ್ರದೊಳಗೆ ಹೋಗುತ್ತದೆ. ಮಾರನೆಯ ದಿನ ಪತ್ರಿಕೆಯಲ್ಲಿ ಜೀವಂತ ಗುಂಡು ಪತ್ತೆ ಎಂಬ ತಲೆಬರಹ ಬರುತ್ತದೆ.

ತನ್ನ ಬಳಿ ಇದೆ ಎಂಬ ಅರಿವಿದ್ದಾಗಲೇ ಅದು ಕಾಯ್ದೆ ಹೇಳುವ ಸ್ವಾಧೀನ ಎಂದು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಮರೆತು ಉಳಿದ ಗುಂಡಿನ ಪ್ರಕರಣಗಳಲ್ಲಿ ವಕೀಲರು ಹಿಡಿಯುವ ಎಳೆ ಅದೇ. ಆದರೆ ಆ ಎಳೆ ಹಿಡಿದು ಹೈಕೋರ್ಟಿನವರೆಗೆ ಹೋಗಿ ಬರುವಷ್ಟರಲ್ಲಿ ವಿಮಾನವೂ ಹೋಗಿರುತ್ತದೆ, ಎರಡು ಹಂಗಾಮೂ ಹೋಗಿರುತ್ತವೆ.

ನನ್ನ ಪದ್ಧತಿ ಹೀಗಿದೆ. ಗುಂಡು ಇರುವ ಜಾಗ ಎರಡೇ: ಮನೆಯ ಬೀಗದ ಪೆಟ್ಟಿಗೆ, ಇಲ್ಲವೆ ಮೈಮೇಲಿನ ಒಂದು ನಿಗದಿತ ಚೀಲ. ಮನೆಗೆ ಬಂದ ಮೇಲೆ ಚಪ್ಪಲಿ ಬಿಟ್ಟು ಮೊದಲ ಕೆಲಸ ಗುಂಡು ಹೊರತೆಗೆದು ಎಣಿಸುವುದು. ರೋಕಡಿ ಪುಸ್ತಕದ ಅಂಚಿನಲ್ಲೇ ಒಂದು ಗೆರೆ: ಒಯ್ದದ್ದು ಆರು, ತಂದದ್ದು ಆರು. ರಿವಾಲ್ವರ್ ಒಂದು ಬೀಗದಲ್ಲಿ, ಗುಂಡು ಇನ್ನೊಂದರಲ್ಲಿ. ಕೀಲಿ ಮೊಮ್ಮಕ್ಕಳ ಕೈಗೆ ಎಟುಕದ ಕಡೆ. ಒಂದು ಕಡಿಮೆ ಬಂದರೆ ಹುಡುಕಾಟ, ಸಿಗದಿದ್ದರೆ ಪೊಲೀಸ್ ಠಾಣೆ. ಕಳೆದದ್ದನ್ನು ತಡಮಾಡದೆ ತಿಳಿಸಬೇಕೆಂಬುದು ಲೈಸೆನ್ಸಿನ ಷರತ್ತೂ ಹೌದು.

7. ಹೋರಿ ಹಬ್ಬಕ್ಕೆ ಬರಿಗೈಯಲ್ಲಿ ಹೋಗಿ

ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ, ಶಾಲೆ ಕಾಲೇಜಿನ ಆವರಣ ಇವುಗಳಿಗೆ ಆಯುಧ ಒಯ್ಯಬಾರದೆಂದು ಲೈಸೆನ್ಸಿನಲ್ಲೇ ಅಚ್ಚಾಗಿದೆ. ನಮ್ಮಲ್ಲಿ ದೀಪಾವಳಿಯಿಂದ ಹೋರಿ ಬೆದರಿಸುವ ಹಬ್ಬ ಶುರು. ಕೊಬ್ಬರಿ ಮಾಲೆ, ಬಲೂನು ಕಟ್ಟಿದ ಹೋರಿ ಓಣಿಯಲ್ಲಿ ನುಗ್ಗಿದರೆ ಸಾವಿರಾರು ಜನ ಒಮ್ಮೆಲೇ ಒತ್ತರಿಸಿಕೊಂಡು ಹಿಂದೆ ಸರಿಯುತ್ತಾರೆ. ಆ ನೂಕಿನಲ್ಲಿ ಸೊಂಟದ ರಿವಾಲ್ವರಿನ ಮೇಲೆ ಯಾವ ಹತೋಟಿ? ಜೇಬಿನ ಬಿಡಿಗುಂಡು ಯಾರ ಕಾಲಡಿಗೆ? ಅದೇ ದಿನಗಳು ವಸೂಲಿಯ ದಿನಗಳೂ ಆದ್ದರಿಂದ ಆಸೆ ಹೆಚ್ಚು. ವಸೂಲಿ ಬೆಳಿಗ್ಗೆ ಮುಗಿಸಿ, ಮನೆಗೆ ಬಂದು ಬೀಗ ಹಾಕಿ, ಆಮೇಲೆ ಹಬ್ಬಕ್ಕೆ ಹೋಗಿ.

ಶಿಗ್ಗಾಂವಿ ದಾರಿಯಲ್ಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಕಾರ್ಯಕ್ರಮವಿದೆ, ಹಾಗೇ ಇಣುಕಿ ಬರೋಣ ಎನಿಸಬಹುದು. ಅದೂ ಶಿಕ್ಷಣ ಸಂಸ್ಥೆಯ ಆವರಣವೇ. ಮದುವೆಯಲ್ಲಿ ಗುಂಡು ಹಾರಿಸುವ ಹುಚ್ಚು ಉತ್ತರ ಭಾರತದ್ದು ಎಂದು ನಕ್ಕು ಬಿಡಬೇಡಿ. 2019ರ ತಿದ್ದುಪಡಿಯಿಂದ, ಜನರ ಪ್ರಾಣಕ್ಕೆ ಅಪಾಯ ತರುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಜೇಬಿನಲ್ಲಿ ಹೆಚ್ಚುವರಿ ಇದ್ದಾಗ ಒಂದು ಹಾರಿಸಿದರೇನಂತೆ ಎಂಬ ಮಾತು ಸುಲಭವಾಗಿ ಬರುತ್ತದೆ.

8. ಚುನಾವಣೆ ಕಲಿಸಿದ ಲೆಕ್ಕ

ಈ ಪ್ರಶ್ನೆಯನ್ನು ನನ್ನ ಮಟ್ಟಿಗೆ ತೀರ್ಮಾನಿಸಿದ್ದು ಉಪಚುನಾವಣೆಗಳು. 2019ರ ಡಿಸೆಂಬರ್ 5ರಂದು ಹಿರೇಕೆರೂರು, 2021ರ ಅಕ್ಟೋಬರ್ 30ರಂದು ಹಾನಗಲ್, 2024ರ ನವೆಂಬರ್ 13ರಂದು ಸವಣೂರನ್ನೂ ಒಳಗೊಂಡ ಶಿಗ್ಗಾಂವಿ ಕ್ಷೇತ್ರ. ನಡುವೆ 2023ರ ಮೇ 10ರ ವಿಧಾನಸಭೆ, 2024ರ ಮೇ 7ರ ಲೋಕಸಭೆ. ಚುನಾವಣೆ ಘೋಷಣೆಯಾಯಿತೆಂದರೆ ಆಯುಧ ಠೇವಣಿಯ ಆದೇಶ ಬರುತ್ತದೆ. ಬ್ಯಾಂಕಿನ ಕಾವಲುಗಾರರಂಥವರಿಗೆ ವಿನಾಯಿತಿ ಸಿಗಬಹುದು, ದಲಾಲಿ ಅಂಗಡಿಯವರು ಠಾಣೆಗೆ ನಡೆಯಬೇಕು.

ಮೂರು ಉಪಚುನಾವಣೆಗಳ ತಿಂಗಳು ನೋಡಿ: ಅಕ್ಟೋಬರ್, ನವೆಂಬರ್, ಡಿಸೆಂಬರ್. ಗೋವಿನಜೋಳ ಒಕ್ಕಿ ಮಾರುಕಟ್ಟೆಗೆ ಬರುವ ತಿಂಗಳುಗಳು ಅವೇ. ಹಣ ಅತಿ ಹೆಚ್ಚು ಓಡಾಡುವಾಗಲೇ ರಿವಾಲ್ವರ್ ಠಾಣೆಯ ಕೋಣೆಯಲ್ಲಿ. ಮೇಲಾಗಿ ದಾಖಲೆಯಿಲ್ಲದೆ 50,000 ರೂಪಾಯಿ ಮೀರಿದ ನಗದು ಸಿಕ್ಕರೆ ಚೆಕ್‌ಪೋಸ್ಟಿನಲ್ಲಿ ಜಪ್ತಿ. ಹಾಗೆಂದು ಮಾಲು ಎತ್ತುವುದು ನಿಲ್ಲಲಿಲ್ಲ. ಪಾವತಿ ಖಾತೆಗೆ ಹೋಯಿತು, ಉಳಿದದ್ದಕ್ಕೆ ಬ್ಯಾಂಕಿನ ಚೀಟಿ, ಎಪಿಎಂಸಿ ಬಿಲ್ಲು ಕಾರಿನಲ್ಲಿರುತ್ತಿತ್ತು, ಸಂಜೆ ಐದಕ್ಕೆ ಊರು ಸೇರುತ್ತಿದ್ದೆವು. ಆಯುಧವೇ ಇಲ್ಲದೆ ಹಂಗಾಮು ನಡೆಸಿದ ಮೇಲೆ, ಇರುವ ದಿನಗಳಲ್ಲಿ ಆರು ಸಾಲದು ಎನ್ನಲು ನನಗೆ ಕಾರಣ ಸಿಗಲಿಲ್ಲ.

ಠೇವಣಿ ಇಡುವಾಗ ಒಂದು ಮಾತು ನೆನಪಿರಲಿ. ರಸೀದಿಯಲ್ಲಿ ರಿವಾಲ್ವರಿನ ನಂಬರಿನ ಜೊತೆ ಕೊಟ್ಟ ಗುಂಡಿನ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಬಿಡಿಸಿಕೊಳ್ಳುವಾಗ ಅಲ್ಲೇ ಎಣಿಸಿ. ಆಯುಧ ಕೊಟ್ಟು ಗುಂಡು ಮನೆಯಲ್ಲಿಟ್ಟರೆ ಅರ್ಧ ಆದೇಶ ಪಾಲಿಸಿದಂತೆ.

9. ಕೋರ್ಟು ಕೇಳುವುದು ಅಗತ್ಯವನ್ನು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಂಗಳಲ್ಲಿ ಸ್ವರಕ್ಷಣೆಯ ಹಕ್ಕು ಇದೆ. ದರೋಡೆಯಂಥ ಸಂದರ್ಭದಲ್ಲಿ ಆಸ್ತಿಯ ರಕ್ಷಣೆಗೂ ಅದು ದೂರದವರೆಗೆ ಹೋಗುತ್ತದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಗೆರೆ ಎಲ್ಲದರ ಮೇಲೂ ಇದೆ. ಚೀಲ ಬಿಟ್ಟು ಓಡುವವನ ಬೆನ್ನಿಗೆ ಹೊಡೆದ ಗುಂಡನ್ನು ಸ್ವರಕ್ಷಣೆ ಎಂದು ಸಾಧಿಸುವುದು ಕಷ್ಟ. ಆರು ಮುಗಿದು, ನಿಂತು, ಇನ್ನಾರು ತುಂಬಿ ಹಾರಿಸಿದವನಿಗೆ ಸರ್ಕಾರಿ ವಕೀಲರ ಮೊದಲ ಪ್ರಶ್ನೆ, ತುಂಬಲು ಹೊತ್ತಿದ್ದವರಿಗೆ ಓಡಲು ಹೊತ್ತಿರಲಿಲ್ಲವೆ ಎಂಬುದೇ ಆಗಿರುತ್ತದೆ. ಉತ್ತರ ಇರಬಹುದು. ಇಲ್ಲದಿದ್ದರೆ ಆ ಹೆಚ್ಚುವರಿ ಗುಂಡೇ ನಿಮ್ಮ ವಿರುದ್ಧ ಸಾಕ್ಷಿ.

ಗುರಿ ತಪ್ಪಿದ ಗುಂಡೂ ಎಲ್ಲೋ ಹೋಗಿ ಬೀಳುತ್ತದೆ. ಎದೆಯೆತ್ತರ ಬೆಳೆದ ಗೋವಿನಜೋಳ ಅದನ್ನು ತಡೆಯುವುದಿಲ್ಲ. ಆ ಹೊಲದ ಆಚೆ ನೀರು ಹಾಯಿಸುವವರು ಇರುತ್ತಾರೆ.

10. ಹಂದಿ, ನವಿಲು ಕಾಯಲು ಇದಲ್ಲ

ಕಾಡುಹಂದಿ ಕಾಟವಿದೆ, ರಾತ್ರಿ ಹೊಲಕ್ಕೆ ಹೋಗುವಾಗ ಡಜನ್ ಗುಂಡು ಇರಲಿ ಎನ್ನುವವರು ನಮ್ಮ ಪಶ್ಚಿಮದ ಹಳ್ಳಿಗಳಲ್ಲಿದ್ದಾರೆ. ಕಾಯ್ದೆ ಬೆಳೆ ರಕ್ಷಣೆಗೆಂದು ಬೇರೆ ದಾರಿ ಇಟ್ಟಿದೆ, ಅದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿನದು. ಸ್ವರಕ್ಷಣೆಯ ರಿವಾಲ್ವರಿನಿಂದ ಹಂದಿ ಹೊಡೆದರೆ ಶಸ್ತ್ರಾಸ್ತ್ರ ಕಾಯ್ದೆಯ ಜೊತೆ 1972ರ ವನ್ಯಜೀವಿ ಕಾಯ್ದೆಯೂ ಬೆನ್ನು ಹತ್ತುತ್ತದೆ. ಬಂಕಾಪುರದ ಕೋಟೆಯಲ್ಲಿ ನವಿಲಿಗೆಂದೇ ಧಾಮವಿದೆ. ಅಲ್ಲಿಂದ ಹೊಲಕ್ಕಿಳಿದ ನವಿಲಿಗೂ ರಾಣೆಬೆನ್ನೂರ ಕಡೆಯ ಕೃಷ್ಣಮೃಗಕ್ಕೂ ಕಾಯ್ದೆಯ ಒಂದನೆಯ ಅನುಸೂಚಿಯ ರಕ್ಷಣೆ ಇದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು.

ಇಷ್ಟರ ಮೇಲೆ ನಾನು ನಡೆದುಕೊಳ್ಳುವುದು ಹೀಗೆ. ನಗದು ಇಲ್ಲದ ದಿನ ರಿವಾಲ್ವರ್ ಮನೆಯಲ್ಲಿ. ನಗದಿನ ದಿನ ಒಳಗಿನ ಆರು, ಬೇರೆ ಏನಿಲ್ಲ. ತಪ್ಪಿಸಲಾಗದ ರಾತ್ರಿ ಪ್ರಯಾಣ, ದೂರದ ಊರು, ನಡುವೆ ತಂಗುವುದು ಎಂದಾದರೆ ಮಾತ್ರ ಇನ್ನಾರು. ಅವು ರಬ್ಬರ್ ಪಟ್ಟಿಯಲ್ಲಿ ಸಾಲಾಗಿ, ಮುಚ್ಚಿದ ಚೀಲದಲ್ಲಿ, ರೋಕಡಿಯಲ್ಲಿ ಬರೆದು. ಪಿಸ್ತೂಲಿನ ಗೆಳೆಯರಿಗೆ ಒಂದು ಮ್ಯಾಗಜಿನ್ ಎನ್ನುತ್ತೇನೆ, ಎರಡು ಅನ್ನುವುದಿಲ್ಲ.

ಹೊಸಬರು ಕೇಳಿದರೆ ಮೂರು ಸಾಲು ಬರೆಯಲು ಹೇಳುತ್ತೇನೆ: ಇವತ್ತು ಯಾವ ಕೆಲಸಕ್ಕೆ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು. ಮೂರನ್ನೂ ಬರೆದ ಮೇಲೆ ಹೆಚ್ಚಿನವರು ಇನ್ನಾರರ ಮಾತು ಬಿಟ್ಟು, ಹೊರಡುವ ಹೊತ್ತನ್ನೇ ಹಿಂದಕ್ಕೆ ತರುತ್ತಾರೆ.